ಅನುಮಾನ ಅಂದ್ರೆ ಬರೀ ಡೌಟ್ ಅಲ್ಲ

2016ರ ಅಮೆರಿಕ ಎಲೆಕ್ಷನ್ ಹ್ಯಾಕಿಂಗ್ (ಟ್ರಂಪ್ ಎದುರಾಳಿ ಡೆಮಾಕ್ರಟಿಕ್ ಪಕ್ಷದವರ ಇಮೇಲ್, ಕಡತ ಕದ್ದು ಹೊರಗೆ ಬಿಟ್ಟಿದ್ದು) ಬಗ್ಗೆ ಕನ್ನಡದಲ್ಲಿ ಏನೇ ಓದಿ, ಗುಪ್ತಚರ ಸಂಸ್ಥೆಗಳು ರಷ್ಯಾ ಮೇಲೆ ಅನುಮಾನ ವ್ಯಕ್ತಪಡಿಸಿವೆ ಅನ್ನೋ ವಾಕ್ಯ ಬಂದೇ ಬರತ್ತೆ, ಇನ್ನು ಕೆಲವರು ಸಂಸ್ಥೆಗಳು ದೃಢಪಡಿಸಿವೆ ಅಂತಾನೇ ಬರೆದುಬಿಡ್ತಾರೆ. ಮೊನ್ನೆ ಒಂದೇ ಬರಹದಲ್ಲಿ ಎರಡನ್ನೂ ನೋಡಿದೆ. ಎರಡೂ ತಪ್ಪು, ಸಂಸ್ಥೆಗಳು ಕೊಟ್ಟಿದ್ದು ಅಸೆಸ್‌ಮೆಂಟ್, ಅಂದ್ರೆ ಸಿಕ್ಕ ಸುಳಿವುಗಳಿಂದ ಕಟ್ಟಿದ ತೀರ್ಮಾನ, ಅದಕ್ಕೆ ನಮ್ಮಲ್ಲಿ ಸರಿಯಾದ ಪದ ಅನುಮಾನಾನೇ, ಆದ್ರೆ ನಾವು ದಿನಾ ಬಳಸೋ ಅರ್ಥದಲ್ಲಿ ಅಲ್ಲ.

ಅನು ಅಂದ್ರೆ ಹಿಂದೆ, ಬೆನ್ನುಹಿಡಿದು. ಮಾನ ಅಂದ್ರೆ ಅಳತೆ, 'ಮಾ' ಧಾತುವಿಂದ ಬಂದಿದ್ದು, ಪ್ರಮಾಣ, ಪರಿಮಾಣ, ಉಪಮಾನ ಎಲ್ಲದರೊಳಗೂ ಕೂತಿರೋದು ಇದೇ 'ಮಾ'. (ಮಾನ ಮರ್ಯಾದೆಯ ಮಾನ ಬೇರೆ, ಅದು 'ಮನ್' ಧಾತು, ದಯವಿಟ್ಟು ಎರಡನ್ನೂ ಗಂಟುಹಾಕಬೇಡಿ.) ಅಂದ್ರೆ ಒಂದನ್ನ ಕಂಡು, ಅದರ ಬೆನ್ನುಹಿಡಿದು ಹೋಗಿ, ಕಾಣದ ಇನ್ನೊಂದನ್ನ ಅಳೆಯೋದು ಅನುಮಾನ. ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷದ ಪಕ್ಕದಲ್ಲೇ ಇದಕ್ಕೆ ಜಾಗ, ಇದೂ ಒಂದು ಪ್ರಮಾಣ, ಅಂದ್ರೆ ಸರಿಯಾಗಿ ತಿಳಿಯೋಕೆ ಇರೋ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಹೊಗೆ ಇರೋ ಕಡೆ ಬೆಂಕಿ ಇದ್ದೇ ಇರತ್ತೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ಹೊಗೆ ಇಲ್ಲಿ ಹೇತು, ಅಂದ್ರೆ ತೀರ್ಮಾನಕ್ಕೆ ಆಧಾರವಾದ ಗುರುತು, ಹೊಗೆಗೂ ಬೆಂಕಿಗೂ ಇರೋ ಬಿಡದ ನಂಟು ವ್ಯಾಪ್ತಿ. ಇದ್ಯೋ ಇಲ್ವೋ ಅಂತ ತೂಗಾಡೋ ಮನಸ್ಸಿಗೆ ಶಾಸ್ತ್ರದಲ್ಲಿ ಬೇರೆ ಹೆಸರೇ ಇದೆ, ಸಂಶಯ. ಬಳಕೆಯಲ್ಲಿ ನಾವು ಎರಡನ್ನೂ ಕಲಸಿಬಿಟ್ವಿ. ಮಾತಾಡುವಾಗ ಇರ್ಲಿ ಬಿಡಿ, ಆದ್ರೆ ಗುಪ್ತಚರ ವರದಿಯನ್ನ ದೇಶದ ನಾಯಕ ನಂಬಬೇಕಾ ಬೇಡ್ವಾ ಅಂತ ಚರ್ಚೆ ಮಾಡೋವಾಗ ಈ ಕಲಸುಮೇಲೋಗರ ಇಟ್ಕೊಂಡ್ರೆ ಪ್ರಶ್ನೆನೇ ಕೆಟ್ಟೋಗತ್ತೆ.

ಹ್ಯಾಕಿಂಗ್‌ನಲ್ಲಿ ಕೀಬೋರ್ಡ್ ಮೇಲೆ ಓಡಾಡಿದ ಕೈಯನ್ನ ಸಾಮಾನ್ಯವಾಗಿ ಯಾರೂ ನೋಡಿರಲ್ಲ, ಸಿಗೋದೆಲ್ಲ ಹೊಗೆ: ಹಿಂದೆ ಬಳಸಿದ್ದ ಅದೇ ಮಾಲ್‌ವೇರ್, ಅದೇ ಸರ್ವರ್, ಅದೇ ಹಣದ ಜಾಡು. ಕೆಲವು ಸಲ ಹೊಗೆ ಬೆಂಕಿಯ ಬಾಯಲ್ಲೇ ಸಿಗತ್ತೆ. ಆ ಕಡತಗಳನ್ನ ಕದ್ದಿದ್ದು ತಾನೇ, ತಾನು ರೊಮೇನಿಯಾದ ಒಂಟಿ ಹ್ಯಾಕರ್ ಅಂತ ಹೇಳ್ಕೊಂಡ ಗುಸಿಫರ್ 2.0 ಅನ್ನೋ ಹೆಸರಿನವನು ತನ್ನ ಮೊದಲ ಪೋಸ್ಟ್ ಹಾಕಿದ್ದು 2016ರ ಜೂನ್ 15ಕ್ಕೆ, ಮಾಸ್ಕೋ ಸಮಯ ಸಂಜೆ 7:02ಕ್ಕೆ. ಅದೇ ದಿನ 4:19ರಿಂದ 4:56ರೊಳಗೆ ರಷ್ಯಾದ ಮಿಲಿಟರಿ ಗುಪ್ತಚರ ದಳ ಜಿಆರ್‌ಯುವಿನ 74455ನೇ ಘಟಕ ನಡೆಸ್ತಿದ್ದ ಮಾಸ್ಕೋ ಸರ್ವರ್‌ನಿಂದ ಆ ಪೋಸ್ಟ್‌ನಲ್ಲಿ ಆಮೇಲೆ ಬಂದ ಇಂಗ್ಲಿಷ್ ನುಡಿಗಟ್ಟುಗಳನ್ನೇ ಹುಡುಕಿದ್ರು ಅಂತ 2018ರ ಜುಲೈ 13ರಂದು 12 ಜಿಆರ್‌ಯು ಅಧಿಕಾರಿಗಳ ಮೇಲೆ ಹಾಕಿದ ದೋಷಾರೋಪ ಪಟ್ಟಿ ಹೇಳತ್ತೆ. ಇದಕ್ಕೆ ಹೇತು ಅಂತಾರೆ.

ಇನ್ನು ಸಂಸ್ಥೆಗಳು ತಮ್ಮ ತೀರ್ಮಾನದ ಪಕ್ಕ ಬರೆಯೋ ಹೈ ಕಾನ್ಫಿಡೆನ್ಸ್. ಇದನ್ನ 'ಭಾರಿ ವಿಶ್ವಾಸ' ಅಂತ ಬರೆಯೋರು ಇದು ಯಾರದೋ ಮನಸ್ಸಿನ ಧೈರ್ಯ ಅಂದ್ಕೊಂಡಿದಾರೆ, ಅಲ್ಲ ರೀ, ಅದು ಆಧಾರದ ಗಟ್ಟಿತನದ ಅಳತೆ, ಹೈ ಅಂದ್ರೂ ತಪ್ಪಿರಬಹುದು ಅಂತ ರಷ್ಯಾ ಕೈವಾಡದ ಬಗ್ಗೆ ಸಂಸ್ಥೆಗಳು ಕೊಟ್ಟ 2017ರ ಜನವರಿ 6ರ ವರದಿಯಲ್ಲೇ ಇದೆ. ಅದೇ ವರದಿಯಲ್ಲಿ ಪುಟಿನ್ ಟ್ರಂಪ್‌ಗೆ ನೆರವಾಗಕ್ಕೆ ಬಯಸಿದ್ರು ಅನ್ನೋ ತೀರ್ಮಾನಕ್ಕೆ ಸಿಐಎ, ಎಫ್‌ಬಿಐ ಹೈ ಅಂದ್ರೆ ಎನ್‌ಎಸ್‌ಎ (ಫೋನ್, ಇಂಟರ್ನೆಟ್ ಕದ್ದಾಲಿಸೋ ಸಂಸ್ಥೆ) ಮಾಡರೇಟ್, ಅಂದ್ರೆ ಮಧ್ಯಮ ಅಂತಷ್ಟೇ ಅಂತು. 2025ರಲ್ಲಿ ಸಿಐಎ ಹೊರಗೆ ಬಿಟ್ಟ ತನ್ನದೇ ಪರಿಶೀಲನೆಯಲ್ಲೂ ತಕರಾರು ಬಂದಿದ್ದು ಈ ತೀರ್ಮಾನದ ಬಗ್ಗೆನೇ. ಇಂಥ ಪದಗಳು ಎಷ್ಟು ಜಾರತ್ವೆ ಅನ್ನೋದಕ್ಕೆ ಸಿಐಎಯಲ್ಲಿ ಇಂಥ ಅಂದಾಜು ವರದಿ ಬರೆಯೋ ಮಂಡಳಿಯಲ್ಲಿದ್ದ ಶರ್ಮನ್ ಕೆಂಟ್ ಅವರ ಅನುಭವ ನೋಡಿ. 1951ರಲ್ಲಿ ಯುಗೊಸ್ಲಾವಿಯಾ ಮೇಲೆ ದಾಳಿಯ 'ಗಂಭೀರ ಸಾಧ್ಯತೆ' ಇದೆ ಅಂತ ಅವರ ಮಂಡಳಿ ಒಮ್ಮತದಿಂದ ಬರೀತು, ಆಮೇಲೆ ಒಬ್ಬೊಬ್ಬರನ್ನೇ ಹಾಗಂದ್ರೆ ಎಷ್ಟು ಅಂತ ಕೇಳಿದ್ರೆ ಒಬ್ಬರು ನೂರಕ್ಕೆ 20 ಅಂದ್ರು, ಇನ್ನೊಬ್ಬರು 80 ಅಂದ್ರು.

ಹೊಗೆ ಅಂತ ನೋಡಿದ್ದು ಮಂಜಾಗಿರಬಹುದು ಅನ್ನೋದೂ ತರ್ಕದಲ್ಲಿ ಹಳೇ ಮಾತು, ಹೇತುವಿನ ವೇಷದ ಹೇತ್ವಾಭಾಸ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ದಿನ ಹೊಡೆದ ಮಾಲ್‌ವೇರ್‌ನಲ್ಲಿ ಉತ್ತರ ಕೊರಿಯಾದವರ ಗುರುತನ್ನ ಬೇಕಂತಲೇ ಅಂಟಿಸಿದ್ರು, 2020ರಲ್ಲಿ ಅಮೆರಿಕ ಆ ಕೇಸ್ ಹಾಕಿದ್ದು ಅದೇ 74455ನೇ ಘಟಕದವರ ಮೇಲೆ. ಇರಾಕ್ ಹತ್ರ ಮಹಾ ಅಸ್ತ್ರಗಳಿವೆ ಅಂದ ಅಮೆರಿಕ ಗುಪ್ತಚರ ಸಂಸ್ಥೆಗಳ 2002ರ ವರದಿಯಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನ ಅಣುಬಾಂಬ್ ತಯಾರಿಯ ಹೊಗೆ ಅಂತ ಓದಿದ್ರು, ಅಮೆರಿಕದ್ದೇ ಇಂಧನ ಇಲಾಖೆಯ ತಜ್ಞರು ಅಲ್ಲ ಅದು ಬಹುಶಃ ರಾಕೆಟ್‌ಗೆ ಅಂದಿದ್ರು, ಆ ಭಿನ್ನಮತ ವರದಿಯ ಒಳಗೇ ಅಚ್ಚಾಗಿತ್ತು. ನಾಯಕ ನಂಬಿದ್ದು ಜಾಸ್ತಿ ಆಯ್ತು ಅಂತ ಇದಕ್ಕೆ ಹೇಳ್ತಾರೆ, ನಾನು ಹೇಳೋದು ಓದಿದ್ದು ಕಮ್ಮಿ ಆಯ್ತು ಅಂತ.

ಅದಕ್ಕೇ 2016ರ ಡಿಸೆಂಬರ್‌ನಲ್ಲಿ ಟ್ರಂಪ್ ಕಡೆಯವರು ಸದ್ದಾಂ ಹತ್ರ ಅಸ್ತ್ರ ಇದೆ ಅಂದಿದ್ದು ಇದೇ ಜನ ತಾನೇ ಅಂತ ಹೇಳಿಕೆ ಕೊಟ್ಟಾಗ ನನಗೆ ಬೇಜಾರಾಗಿದ್ದು. ಇರಾಕ್ ನೆನಪಿಸಿದ್ದು ತಪ್ಪಲ್ಲ, ಆದ್ರೆ ಅದರಿಂದ ಕಲಿಯಬೇಕಾಗಿದ್ದು ಈ ಸಲದ ಹೇತು ಏನು, ಭಿನ್ನಮತ ಯಾರದು ಅಂತ ಕೇಳೋದನ್ನ, ಅವರು ಕೇಳಿದ್ದು ಯಾರು ಹೇಳಿದ್ದು ಅಂತ ಮಾತ್ರ. 2018ರ ಜುಲೈ 16ಕ್ಕೆ ಹೆಲ್ಸಿಂಕಿಯಲ್ಲಿ ಪುಟಿನ್ ಜೊತೆ ನಿಂತು ಪತ್ರಕರ್ತರ ಮುಂದೆ ಮಾತಾಡುವಾಗ ಇದು ಇನ್ನೂ ಹದಗೆಟ್ಟಿತು, ಸಂಸ್ಥೆಗಳ ಅನುಮಾನವನ್ನ ಒಂದು ತಟ್ಟೆಲಿ, ಪುಟಿನ್ ಬಲವಾಗಿ ಅಲ್ಲಗಳೆದ್ರು ಅನ್ನೋದನ್ನ ಇನ್ನೊಂದು ತಟ್ಟೆಲಿ ಇಟ್ಟು ಟ್ರಂಪ್ ತೂಗಿದ್ರು. ತರ್ಕಶಾಸ್ತ್ರದಲ್ಲಿ ಶಬ್ದವೂ, ಅಂದ್ರೆ ಇನ್ನೊಬ್ಬರ ಮಾತೂ ಪ್ರಮಾಣವೇ, ಒಪ್ಪೋಣ, ಆದ್ರೆ ಅದು ಆಪ್ತನ ಮಾತಾಗಿರಬೇಕು, ಅಂದ್ರೆ ಇದ್ದಿದ್ದನ್ನ ಇದ್ದ ಹಾಗೆ ಹೇಳೋನ ಮಾತು, ಆರೋಪ ಹೊತ್ತವನದ್ದಲ್ಲ. ಮಾಸ್ಕೋ ಸರ್ವರ್‌ನ ಆ 37 ನಿಮಿಷದ ವಿವರ ಹೊರಗೆ ಬಂದು ಆಗ ಮೂರು ದಿನ ಆಗಿತ್ತು.