ಬ್ರಿಟಿಷರ ಕಾಲದ ಸಿನಿಮಾಕ್ಕೆ ಲವ್ ಸ್ಟೋರಿ ಯಾಕೆ ಬೇಕು?

ಓದುಗರ ಪ್ರಶ್ನೆ: ಬ್ರಿಟಿಷರ ವಿರುದ್ಧ ಹೋರಾಡಿದವರ ಸಿನಿಮಾ ಅಂದರೆ ಮಧ್ಯದಲ್ಲೊಂದು ಪ್ರೇಮಕಥೆ ಇದ್ದೇ ಇರುತ್ತದೆ. ಅದೆಲ್ಲ ನಿಜವಾಗಿ ನಡೆದಿದ್ದಾ, ಸುಮ್ನೆ ಸೇರಿಸಿದ್ದಾ? (ಸಕಲೇಶಪುರದಿಂದ)

ಹೆಚ್ಚಿನದು ಸೇರಿಸಿದ್ದೇ. 'ಲಗಾನ್' (2001) ಕಥೆ ನಡೆಯುವುದು 1893ರಲ್ಲಿ, ಆದರೆ ಹೀರೋ ಭುವನ್, ಅವನನ್ನು ಪ್ರೀತಿಸುವ ಗೌರಿ, ಬ್ರಿಟಿಷ್ ಅಧಿಕಾರಿಯ ತಂಗಿ ಎಲಿಜಬೆತ್ ಮೂವರೂ ಕಲ್ಪನೆ. 'ಆರ್‌ಆರ್‌ಆರ್'ನ (2022) ಅಲ್ಲೂರಿ ಸೀತಾರಾಮರಾಜು, ಕೊಮರಂ ಭೀಮ್ ಇಬ್ಬರೂ ನಿಜವಾಗಿ ಬದುಕಿದವರು. ಆದರೆ ರಾಜು ಅವರನ್ನು ಬ್ರಿಟಿಷರು 1924ರಲ್ಲೇ ಕೊಂದರು. ಭೀಮ್ ಹೋರಾಡಿದ್ದು ಹೈದರಾಬಾದ್ ನಿಜಾಮನ ಆಡಳಿತದ ವಿರುದ್ಧ, ಸತ್ತಿದ್ದು 1940ರಲ್ಲಿ. ಇಬ್ಬರ ಗೆಳೆತನವೇ ರಾಜಮೌಳಿ ಕಲ್ಪಿಸಿದ್ದು ಅಂದಮೇಲೆ ಸಿನಿಮಾದಲ್ಲಿ ಭೀಮ್ ಮನಸೋಲುವ ಬ್ರಿಟಿಷ್ ಹುಡುಗಿ ಜೆನ್ನಿ ನಿಜ ಇರುವುದೆಲ್ಲಿ ಬಂತು?

ಯಾಕೆ ಕಲ್ಪಿಸಬೇಕು ಅಂತೀರಾ? ನಿಮ್ಮ ಸೀಮೆಯದ್ದೇ ತಗೊಳ್ಳಿ. ಮಂಜರಾಬಾದ್ ಕೋಟೆಗೆ ಭಾನುವಾರ ಬಂದವರೆಲ್ಲ ಟಿಪ್ಪು ಹೆಸರು ಹೇಳುತ್ತಾರೆ, ಅಲ್ಲೇ ಹತ್ತಿರದ ಐಗೂರಿನ ಪಾಳೆಗಾರ ವೆಂಕಟಾದ್ರಿ ನಾಯಕನ ಹೆಸರು ಎತ್ತುವವರು ಕಡಿಮೆ. ಟಿಪ್ಪು ಸತ್ತ ಮೇಲೂ ಈಸ್ಟ್ ಇಂಡಿಯಾ ಕಂಪನಿಗೆ ತಲೆಬಾಗದ ಈತನನ್ನು 1802ರಲ್ಲಿ ಹಿಡಿದು ಗಲ್ಲಿಗೇರಿಸಿದರು. ದಂಡೆತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ! ಇಂಥ ಬಂಡಾಯಗಳ ವಿವರ ನಮಗೆ ಸಿಗುವುದು ಹೆಚ್ಚಾಗಿ ಗೆದ್ದವರ ಕಾಗದಪತ್ರಗಳಲ್ಲಿ. ಕೋಟೆ, ಫಿರಂಗಿ, ಕಾಡಿನ ದಾರಿ, ಕಂದಾಯದ ಲೆಕ್ಕ ಎಲ್ಲ ಬರೆದಿಟ್ಟರು. ಬಂಡೆದ್ದವನ ದಾರಿ ಕಾಯುತ್ತಾ ಮನೆಯಲ್ಲಿ ಯಾರಿದ್ದರು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ. ಆ ಖಾಲಿ ಜಾಗಕ್ಕೆ ಸಿನಿಮಾದವರು ಹೀರೋಯಿನ್ ಕರೆತರುತ್ತಾರೆ.

ಕರೆತರಲಿ, ನನ್ನ ತಕರಾರಿಲ್ಲ. ಆದರೆ ಅವಳನ್ನು ತೆಗೆದರೆ ಕಥೆ ನಿಲ್ಲುತ್ತದಾ ಅಂತ ನೋಡಿ. ಲಗಾನ್‌ನಲ್ಲಿ ಎಲಿಜಬೆತ್ ಅಣ್ಣನ ಕಣ್ಣು ತಪ್ಪಿಸಿ ಬಂದು ಕ್ರಿಕೆಟ್ ಕಲಿಸದಿದ್ದರೆ ಹಳ್ಳಿಯವರು ಆಡುವುದು ಹೇಗೆ? ಅಲ್ಲಿ ಪ್ರೀತಿಯೇ ಕಥೆಯನ್ನು ನಡೆಸುತ್ತದೆ. ಎಷ್ಟೋ ಸಿನಿಮಾಗಳಲ್ಲಿ ಹಾಗಲ್ಲ, ಹೊಳೆ ದಂಡೆಯಲ್ಲಿ ಎರಡು ಹಾಡು, ಯುದ್ಧಕ್ಕೆ ಹೊರಟಾಗ ಹಣೆಗೆ ತಿಲಕ, ಕೊನೆಗೆ ಒಂದು ಅಳು, ಅಷ್ಟೇ ಅವಳ ಕೆಲಸ.

ನನಗೆ ಜಾಸ್ತಿ ಇಷ್ಟವಾಗುವುದು ರಾಣಿ ಚೆನ್ನಮ್ಮನ ಕಿತ್ತೂರಿನ ಕಥೆ. ಅಲ್ಲಿ ಜಗಳ ಶುರುವಾಗಿದ್ದೇ ಮನೆಯೊಳಗಿನ ವಿಷಯಕ್ಕೆ. ಕಿತ್ತೂರು ಮನೆತನದ ದತ್ತು ಮಗ ಶಿವಲಿಂಗಪ್ಪನನ್ನು ವಾರಸುದಾರ ಅಂತ ಕಂಪನಿ ಒಪ್ಪಲಿಲ್ಲ. ಯಾರು ನಮ್ಮ ಮಗ ಅಂತ ಹೇಳಲು ಇವರು ಯಾರು ಅನ್ನುವ ಸಿಟ್ಟು ಯಾರಿಗೆ ಬರಲ್ಲ ಹೇಳಿ? 1824ರ ಅಕ್ಟೋಬರ್ 23ರಂದು ಯುದ್ಧವಾಗಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ಆಮೇಲೆ ಅದೇ ಹುಡುಗನನ್ನು ಗದ್ದುಗೆಗೆ ಏರಿಸಬೇಕೆಂದು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇಲ್ಲಿ ಮನೆಯವರ ಮೇಲಿನ ಪ್ರೀತಿ ಒಂದು ಕಡೆ, ಹೋರಾಟ ಇನ್ನೊಂದು ಕಡೆ ಅಂತ ಬೇರೆ ಮಾಡಲು ಬರುವುದೇ ಇಲ್ಲ.

ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' (1961) ನೋಡಿಲ್ಲ ಅಂದರೆ ನೋಡಿ. ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಅವಳ ಗಂಡ, ರಾಜ ಮಲ್ಲಸರ್ಜ. ಮಾತು ಸ್ವಲ್ಪ ನಾಟಕದ ಧಾಟಿಯಲ್ಲಿದೆ, ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ.