ಆಟಿಸಂ ಇರುವ ಮಗುವಿನ ಸೌಲಭ್ಯ ಇಡೀ ಮನೆಗೆ ಸೇರಿದ್ದು

ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಕೂಡಲೇ ತಂದೆತಾಯಿ ಥೆರಪಿ ಸೆಂಟರ್ ಹುಡುಕಲು ಹೊರಡುತ್ತಾರೆ. ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸುವ ಕೆಲಸವನ್ನು ಮಾತ್ರ ವರ್ಷಗಟ್ಟಲೆ ಮುಂದೂಡುತ್ತಾರೆ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ನಾನು ದಿನವೂ ಕೇಳುವ ಮಾತು ಇದು: "ಈಗಲೇ ಹಣೆಪಟ್ಟಿ ಯಾಕೆ ಮೇಡಂ? ಮಾತು ಬಂದ್ರೆ ಎಲ್ಲ ಸರಿಹೋಗುತ್ತಲ್ವಾ?" ಅಜ್ಜಿ ಒಪ್ಪುವುದಿಲ್ಲ, ನೆಂಟರಿಗೆ ಗೊತ್ತಾಗುತ್ತದೆ, ಮುಂದೆ ಅಕ್ಕನ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಅಳುಕು ಆ ಪ್ರಶ್ನೆಯ ಹಿಂದೆ ಇರುತ್ತದೆ. ಆ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸರ್ಟಿಫಿಕೇಟ್ ಊರ ಬಾಗಿಲಿಗೆ ಅಂಟಿಸುವ ಕಾಗದವಲ್ಲ. ಅದು ನಿಮ್ಮ ಬೀರುವಿನಲ್ಲಿರುತ್ತದೆ. ಯಾರಿಗೆ, ಯಾವಾಗ ತೋರಿಸಬೇಕು ಎಂಬುದು ನಿಮ್ಮ ತೀರ್ಮಾನ. ಅದಿಲ್ಲದೆ ಕಳೆದ ವರ್ಷಗಳ ನೆರವನ್ನು ಆಮೇಲೆ ಕೇಳಿ ಪಡೆಯಲು ಆಗುವುದಿಲ್ಲ.

ಈ ಕಾಗದಕ್ಕೆ ಬೆಲೆ ಬಂದಿದ್ದೇ ಇತ್ತೀಚೆಗೆ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ ಮತ್ತು ಬಹುವಿಧ ಅಂಗವಿಕಲತೆ ಇರುವವರಿಗೆಂದೇ ಬಂತು. ಆದರೆ ಶಾಲೆ, ಕಾಲೇಜು, ನೌಕರಿಯ ಹಕ್ಕುಗಳು ಆಟಿಸಂ ಇರುವವರಿಗೂ ಸಿಕ್ಕಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ. ಅದರ ಇಪ್ಪತ್ತೊಂದು ವಿಧಗಳಲ್ಲಿ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ ಒಂದು. ಬಹುಪಾಲು ಸೌಲಭ್ಯಗಳಿಗೆ ಅಂಗವಿಕಲತೆಯ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಈ ಪ್ರಮಾಣವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ತಂದೆತಾಯಿ ಅಳೆಯುವ ದಿನಕ್ಕೆ ಮೊದಲೇ ತಿಳಿದಿರಬೇಕು. ನಮ್ಮ ದೇಶದಲ್ಲಿ ಇದಕ್ಕೆ ಬಳಸುವುದು 'ಐಸಾ' ಎಂಬ ಮಾಪಕ. ಅದರಲ್ಲಿ 40 ಅಂಶಗಳಿವೆ. ಜನರೊಡನೆ ಬೆರೆಯುವುದು, ಭಾವನೆ ತೋರುವ ರೀತಿ, ಮಾತು ಮತ್ತು ಸಂವಹನ, ವರ್ತನೆ, ಸದ್ದು-ಸ್ಪರ್ಶ-ಬೆಳಕಿಗೆ ಸ್ಪಂದಿಸುವ ರೀತಿ, ಗಮನ ಮತ್ತು ಗ್ರಹಿಕೆ ಎಂದು ಅವನ್ನು ಆರು ಗುಂಪು ಮಾಡಲಾಗಿದೆ. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಈ ಮಾಪಕದ ಪ್ರಕಾರ ಆಟಿಸಂ ಇಲ್ಲ. ಇಲ್ಲಿ ಗಮನಿಸಬೇಕಾದದ್ದು, ಅಂಕ ನಿಂತಿರುವುದು ಆ ವರ್ತನೆ ಎಷ್ಟು ಸಲ ಕಾಣಿಸುತ್ತದೆ ಎಂಬುದರ ಮೇಲೆ. ಅಪರೂಪಕ್ಕೋ, ಆಗಾಗಲೋ, ಯಾವಾಗಲೂನೋ ಎಂಬುದೇ ಅಲ್ಲಿನ ಪ್ರಶ್ನೆ.

ಪ್ರೀತಿ ಅಡ್ಡ ಬರುವುದು ಇಲ್ಲೇ. "ಊಟ ತಾನೇ ಮಾಡ್ತಾನಾ?" ಎಂದು ಕೇಳಿದರೆ ಅಮ್ಮ "ಹೂಂ, ಮಾಡ್ತಾನೆ" ಎನ್ನುತ್ತಾರೆ. ಅವನು ಕೂರುವ ಜಾಗ ಬದಲಾಗಬಾರದು, ತಟ್ಟೆ ಅದೇ ಇರಬೇಕು, ಯಾರೂ ಮಿಕ್ಸಿ ಹಾಕಬಾರದು, ಪಕ್ಕದಲ್ಲಿ ಅಮ್ಮ ಇರಲೇಬೇಕು. ಇವೆಲ್ಲ ಆ ಒಂದು ಹೂಂಕಾರದಲ್ಲಿ ಅಡಗಿಹೋಗುತ್ತವೆ. ಅಮ್ಮ ಸುಳ್ಳು ಹೇಳುತ್ತಿಲ್ಲ. ಮಗನ ಸುತ್ತ ತಾನು ಕಟ್ಟಿದ ವ್ಯವಸ್ಥೆ ಆಕೆಗೆ ಎಷ್ಟು ಒಗ್ಗಿಹೋಗಿದೆ ಎಂದರೆ ಅದು ತನ್ನ ದುಡಿಮೆ ಅಂತಲೇ ಅನ್ನಿಸುವುದಿಲ್ಲ. ಅದಕ್ಕೇ ನಾನು ಪೋಷಕರಿಗೆ ಹೇಳುವುದು: ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಸಲ ಎದ್ದಿತು, ಬಾಗಿಲು ತೆಗೆದು ಎಷ್ಟು ಸಲ ಓಡಿತು, ಹಲ್ಲುಜ್ಜಿಸಲು ಎಷ್ಟು ಜನ ಬೇಕಾಯಿತು, ಬೇಕಾದದ್ದನ್ನು ಹೇಗೆ ಕೇಳಿತು, ಯಾವ ಸದ್ದಿಗೆ ಕಿವಿ ಮುಚ್ಚಿಕೊಂಡಿತು. ನೀವು ಪಕ್ಕದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದೂ ಬರೆಯಿರಿ. ಹೆಚ್ಚು ಮಾಡಿ ಹೇಳಬೇಡಿ, ಮುಚ್ಚಿಡಲೂ ಬೇಡಿ. ಒಳ್ಳೆಯ ದಿನ ಇದ್ದರೆ ಅದನ್ನೂ ಬರೆಯಿರಿ. ಮೊಬೈಲಿನಲ್ಲಿ ತೆಗೆದ ಒಂದೆರಡು ಸಣ್ಣ ವಿಡಿಯೊ ಜೊತೆಗಿದ್ದರೆ ಒಳ್ಳೆಯದು. ಹೊಸ ಜಾಗದಲ್ಲಿ ಮಗು ಅರ್ಧ ಗಂಟೆ ಸುಮ್ಮನೆ ಕೂತುಬಿಟ್ಟರೆ ಎದುರಿಗಿರುವ ತಜ್ಞರಿಗೆ ಮನೆಯ ಸ್ಥಿತಿ ಕಾಣುವುದಿಲ್ಲ. ಈ ನೋಟ್‌ಬುಕ್ ಆಮೇಲೆ ಥೆರಪಿಸ್ಟ್‌ಗೂ ಶಾಲೆಗೂ ಬೇಕಾಗುತ್ತದೆ.

ಸರ್ಟಿಫಿಕೇಟ್‌ಗೆ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅಲ್ಲಿಂದಲೇ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬರುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಬಣ್ಣ. ಇಡೀ ದೇಶದಲ್ಲಿ ಇದಕ್ಕೆ ಮಾನ್ಯತೆ ಇದೆ. ಹಳ್ಳಿಯಲ್ಲಿ ಇರುವವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ವಿಆರ್‌ಡಬ್ಲ್ಯೂ ಎಂದರೆ ಎಲ್ಲರಿಗೂ ಗೊತ್ತು. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಸರ್ಟಿಫಿಕೇಟ್ ಕೈಗೆ ಬಂದಾಗ ಎರಡು ವಿಷಯ ನೋಡಿ. ಒಂದು, ಅಂಗವಿಕಲತೆಯ ವಿಧ ಎಂಬಲ್ಲಿ ಆಟಿಸಂ ಎಂದೇ ಬರೆದಿದೆಯೇ? ಬುದ್ಧಿಮಾಂದ್ಯತೆ ಎಂದಷ್ಟೇ ಬರೆದಿರುವ ಎಷ್ಟೋ ಕಾಗದಗಳನ್ನು ನಾನು ನೋಡಿದ್ದೇನೆ. ಎರಡೂ ಇದ್ದರೆ ಎರಡೂ ಇರಲಿ, ಆಟಿಸಂ ಮಾತ್ರ ಬಿಟ್ಟುಹೋಗಬಾರದು. ಇನ್ನೊಂದು, ಅದು ತಾತ್ಕಾಲಿಕವೇ, ಎಷ್ಟು ವರ್ಷಕ್ಕೆ? ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅವಧಿ ಹಾಕಿಯೇ ಕೊಡುತ್ತಾರೆ. ಅವಧಿ ಮುಗಿದರೆ ಅದನ್ನು ನಂಬಿಕೊಂಡ ಎಲ್ಲವೂ ನಿಲ್ಲುತ್ತದೆ, ಹಾಗಾಗಿ ಆರು ತಿಂಗಳು ಮೊದಲೇ ನವೀಕರಣಕ್ಕೆ ಓಡಾಡಿ. ಪ್ರಮಾಣ ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿ ಸಲ್ಲಿಸಲು ಕಾಯ್ದೆಯಲ್ಲೇ ಅವಕಾಶ ಇದೆ.

ಆಧಾರ್ ಬಗ್ಗೆ ಒಂದು ಮಾತು. 5 ಮತ್ತು 15ನೇ ವಯಸ್ಸಿನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕು. ಮುಟ್ಟಿದರೆ ತಡೆಯದ ಮಗುವಿಗೆ ಇದು ದೊಡ್ಡ ಹಿಂಸೆ. ಜನ ಕಡಿಮೆ ಇರುವ ಹೊತ್ತು ಕೇಳಿಕೊಂಡು ಹೋಗಿ. ಗಾಜಿನ ಮೇಲೆ ಬೆರಳಿಡುವುದನ್ನು ಮನೆಯಲ್ಲೇ ಕೆಲವು ದಿನ ಆಟದಂತೆ ಅಭ್ಯಾಸ ಮಾಡಿಸಿ.

ಇನ್ನು ದುಡ್ಡಿನ ವಿಷಯ. ಕಾರ್ಡ್ ಬಂದ ಕೂಡಲೇ ಸೌಲಭ್ಯಗಳು ತಾವಾಗಿ ಬರುವುದಿಲ್ಲ, ಒಂದೊಂದಕ್ಕೂ ಬೇರೆ ಅರ್ಜಿ ಹಾಕಬೇಕು. ಮಾಸಾಶನಕ್ಕೆ ನಾಡಕಚೇರಿಗೆ ಹೋಗಬೇಕು. ಅಂಗವಿಕಲತೆಯ ಪ್ರಮಾಣ, ಕುಟುಂಬದ ಆದಾಯ ಎರಡನ್ನೂ ನೋಡುತ್ತಾರೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಆದಾಯದ ಮಿತಿ ಇಲ್ಲ, ವಯಸ್ಸಿನ ಮಿತಿ ಇಲ್ಲ, ಮೊದಲೇ ವೈದ್ಯಕೀಯ ಪರೀಕ್ಷೆಯೂ ಇಲ್ಲ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ನನಗೆ ಇದು ಮುಖ್ಯ ಅನ್ನಿಸುವುದು ಬೇರೊಂದು ಕಾರಣಕ್ಕೆ. ಸಾಮಾನ್ಯ ವಿಮೆಗಳು ಆಸ್ಪತ್ರೆಯಲ್ಲಿ ಮಲಗಿದರಷ್ಟೇ ಹಣ ಕೊಡುತ್ತವೆ. ನಿರಾಮಯದಲ್ಲಿ ಓಪಿಡಿ ಖರ್ಚಿಗೂ ಥೆರಪಿಗೂ ಒಂದು ಮಿತಿಯವರೆಗೆ ಹಣ ವಾಪಸ್ ಸಿಗುತ್ತದೆ. ಆದರೆ ಮೊದಲು ನೀವು ಕೊಟ್ಟು, ಆಮೇಲೆ ಬಿಲ್ ಕಳಿಸಬೇಕು. ಥೆರಪಿ ಸೆಂಟರ್‌ನಿಂದ ಪ್ರತಿ ತಿಂಗಳೂ ಸಹಿ-ಮೊಹರು ಇರುವ ರಸೀದಿ ಕೇಳಿ ಪಡೆಯಿರಿ. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ನಡೆಯುವುದಿಲ್ಲ. ವರ್ಷ ವರ್ಷ ನವೀಕರಿಸುವುದನ್ನೂ ಮರೆಯಬೇಡಿ.

ಸಂಬಳದವರು ತೆರಿಗೆಯಲ್ಲಿ ಕಳೆದುಕೊಳ್ಳುವುದೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಎಂದೇ ಎಲ್ಲರಿಗೂ ಪರಿಚಯವಾದ, ತೆರಿಗೆ ಹಾಕುವ ಆದಾಯದಿಂದ ಕಳೆಯುವ ಕಡಿತ 75,000 ರೂಪಾಯಿಯದು, ಶೇ 80 ಮತ್ತು ಮೇಲ್ಪಟ್ಟ ಅಂಗವಿಕಲತೆಗೆ 1,25,000. ಎಷ್ಟು ಖರ್ಚಾಯಿತು ಎಂಬ ಲೆಕ್ಕಕ್ಕೆ ತಕ್ಕಂತೆ ಅದು ಏರಿಳಿಯುವುದಿಲ್ಲ, ಪೂರ್ತಿ ಮೊತ್ತವೇ ಸಿಗುತ್ತದೆ. ಆಟಿಸಂಗೆ ಇದಕ್ಕೆಂದೇ ಬೇರೆ ನಮೂನೆಯ ವೈದ್ಯಕೀಯ ಪತ್ರ ಬೇಕು. ಆದರೆ ಈ ಕಡಿತ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆಫೀಸಿನವರು ನೀವು ಏನೂ ಹೇಳದಿದ್ದರೆ ಹೊಸ ಪದ್ಧತಿಗೇ ಹಾಕಿಬಿಡುತ್ತಾರೆ. ವರ್ಷದ ಆರಂಭದಲ್ಲೇ ಎರಡೂ ಲೆಕ್ಕ ಹಾಕಿ ನೋಡಿ.

ಹೀಗೆ ಬಂದ ಹಣ, ಉಳಿದ ಹಣ ಎಲ್ಲಿಗೆ ಹೋಗಬೇಕು? ಬಹಳಷ್ಟು ಮನೆಗಳಲ್ಲಿ ಅದು ನೇರವಾಗಿ ಇನ್ನೊಂದು ಥೆರಪಿ ಅವಧಿಗೆ ಹೋಗುತ್ತದೆ. ಮಗುವಿನ ಹೆಸರಲ್ಲಿ ಬಂದದ್ದು ಮಗುವಿಗೇ ಖರ್ಚಾಗಬೇಕು ಎಂಬ ಪ್ರಾಮಾಣಿಕತೆ ಅದು. ನಾನು ಇದನ್ನು ಒಪ್ಪುವುದಿಲ್ಲ. ಹಣ ಎಲ್ಲಿ ಹಾಕಬೇಕು ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಈ ಮನೆಯಲ್ಲಿ ನಿದ್ದೆ ಕೆಟ್ಟಿರುವುದು ಯಾರದ್ದು? ಆಟಿಸಂ ಇರುವ ಮಕ್ಕಳಲ್ಲಿ ನಿದ್ದೆಯ ತೊಂದರೆ ತೀರಾ ಸಾಮಾನ್ಯ. ಮಗು ಎದ್ದಿದ್ದರೆ ಅಮ್ಮನೂ ಎದ್ದಿರುತ್ತಾಳೆ. ಬೆಳಿಗ್ಗೆ ಅಡುಗೆ, ಆಮೇಲೆ ಬಸ್ಸು ಹಿಡಿದು ಥೆರಪಿಗೆ, ಸಂಜೆ ಮನೆಯಲ್ಲೇ ಅಭ್ಯಾಸ. ಹೀಗೆ ಮೂರು ವರ್ಷ ನಡೆದರೆ ಮೊದಲು ಕುಸಿಯುವುದು ಆಕೆ. ಆಕೆ ಕುಸಿದ ದಿನ ಎಲ್ಲ ಥೆರಪಿಯೂ ನಿಲ್ಲುತ್ತದೆ.

ಒಂದು ಮನೆಯಲ್ಲಿ ಮಗು ಪ್ರತಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿತ್ತು. ಕೂಡಿಟ್ಟ ಮಾಸಾಶನದಲ್ಲಿ ವಾಷಿಂಗ್ ಮೆಷಿನ್ ತಂದರು. ಅಮ್ಮನಿಗೆ ದಿನಕ್ಕೆ ಒಂದು ಗಂಟೆ ಉಳಿಯಿತು, ಆ ಹೊತ್ತಿನಲ್ಲಿ ಮಗುವಿನ ಜೊತೆ ನೆಲದ ಮೇಲೆ ಕೂತು ಆಡಲು ಶುರು ಮಾಡಿದರು. ನನ್ನ ಲೆಕ್ಕದಲ್ಲಿ ಅದು ಥೆರಪಿಯೇ. ಬಾಗಿಲು ತೆಗೆದು ಓಡುವ ಮಗುವಿಗೆ ಎತ್ತರದಲ್ಲಿ ಹಾಕಿಸಿದ ಚಿಲಕ, ಗದ್ದಲ ತಡೆಯಲಾರದ ಮಗುವಿಗೆ ಕಿವಿ ಮುಚ್ಚುವ ಹೆಡ್‌ಫೋನ್, ಮಳೆಯ ದಿನ ಆಟೊ, ವಾರಕ್ಕೆ ಎರಡು ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುವ ಚಿಕ್ಕಮ್ಮನಿಗೆ ಕೊಡುವ ದುಡ್ಡು, ಇವೆಲ್ಲ ಸರಿಯಾದ ಖರ್ಚು. ಅಣ್ಣನನ್ನೋ ಅಕ್ಕನನ್ನೋ ಒಬ್ಬರನ್ನೇ ಹೊರಗೆ ಕರೆದುಕೊಂಡು ಹೋಗುವುದೂ ಸರಿಯಾದ ಖರ್ಚೇ. ಮನೆಯ ಎಲ್ಲ ಗಮನವೂ ತಮ್ಮನ ಕಡೆಗೇ ಹರಿಯುವುದನ್ನು ನೋಡುತ್ತಾ ಬೆಳೆಯುವ ಆ ಮಕ್ಕಳು ಏನನ್ನೂ ಕೇಳುವುದನ್ನೇ ಬಿಟ್ಟಿರುತ್ತಾರೆ.

ಥೆರಪಿ ಬೇಡ ಎನ್ನುತ್ತಿಲ್ಲ. ಸೆಂಟರ್‌ನಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯುವ ಐದು ಅವಧಿಗಿಂತ, ಮನೆಯವರನ್ನು ಒಳಗೆ ಕೂರಿಸಿಕೊಂಡು ಕಲಿಸುವ ಎರಡು ಅವಧಿ ಮೇಲು ಎಂಬುದು ನನ್ನ ಅನುಭವ. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಮಕ್ಕಳ ಮನೆಯವರಿಗಾಗಿ ಕೌಶಲ ತರಬೇತಿಯನ್ನು ರೂಪಿಸಿದೆ. ಖಾಸಗಿ ಸೆಂಟರ್‌ಗೆ ಸಾಲ ಮಾಡುವ ಮೊದಲು ಜಿಲ್ಲೆಯ ಆರಂಭಿಕ ಹಸ್ತಕ್ಷೇಪ ಕೇಂದ್ರವನ್ನು, ಹತ್ತಿರವಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯನ್ನು, ಬೆಂಗಳೂರಿನ ನಿಮ್ಹಾನ್ಸ್ ಅನ್ನು ವಿಚಾರಿಸಿ.

ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ವಾಸಿಯಾಗುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದಕ್ಕಾಗಿ ಹೊಲ ಮಾರಿದವರ ಜೊತೆ ಕೂತು ಮಾತಾಡಿದ್ದೇನೆ, ಇನ್ನೊಂದು ಮನೆಗೆ ಹಾಗಾಗಬಾರದು.

ಶಾಲೆಯಲ್ಲಿ ಸಿಗುವ ಸೌಲಭ್ಯದಲ್ಲಿ ನಗದು ಕಡಿಮೆ, ಹಕ್ಕು ಹೆಚ್ಚು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯ್ದೆಯಲ್ಲೇ ಹೆಸರಿಸಿರುವಂಥವು. ಮಾತಿಗೇ ಕಷ್ಟಪಡುವ ಮಗುವಿಗೆ ಭಾಷೆಯ ವಿನಾಯಿತಿ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಎಸ್ಸೆಸ್ಸೆಲ್ಸಿಗೆ ಎರಡು ತಿಂಗಳಿರುವಾಗ ಸರ್ಟಿಫಿಕೇಟ್‌ಗೆ ಓಡುವವರೇ ಹೆಚ್ಚು. ಎಂಟನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆ ಸೇರಿಸಿಕೊಳ್ಳದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಮಗು ವಯಸ್ಕ. ಬ್ಯಾಂಕು, ಆಸ್ತಿ, ಆಪರೇಷನ್ನಿನ ಒಪ್ಪಿಗೆ, ಯಾವುದಕ್ಕೂ ತಂದೆತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು, ಕೋರ್ಟಿಗೆ ಅಲೆಯಬೇಕಿಲ್ಲ. ಎಲ್ಲರಿಗೂ ಇದು ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ತನ್ನ ದುಡ್ಡು, ತನ್ನ ದಿನಚರಿಯ ಬಗ್ಗೆ ತಾನೇ ನಿರ್ಧರಿಸಬಲ್ಲ ಯುವಕ ಯುವತಿಯರ ಮೇಲೆ ಪೋಷಕತ್ವ ಹೇರುವುದು ಅನ್ಯಾಯ. ಹದಿನೈದು ದಾಟಿದ ಮೇಲೆ ಮಗ ಅಥವಾ ಮಗಳನ್ನೇ ಕೂರಿಸಿಕೊಂಡು, ಅವರಿಗೆ ತಿಳಿಯುವ ರೀತಿಯಲ್ಲಿ, ಬೇಕಾದರೆ ಚಿತ್ರ ತೋರಿಸಿ, ಮಾತಾಡಲು ಶುರು ಮಾಡಿ.

ತಂದೆ ಅಥವಾ ತಾಯಿ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಎರಡು ವಿಷಯ ತಿಳಿದಿರಲಿ. ಅಂಗವಿಕಲ ಮಗುವನ್ನು ನೋಡಿಕೊಳ್ಳುವವರು ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು. ಸ್ವಂತ ಸಂಪಾದನೆ ಸಾಧ್ಯವಿಲ್ಲದ ಅಂಗವಿಕಲ ಮಗನಿಗೂ ಮಗಳಿಗೂ ತಂದೆತಾಯಿಯ ನಂತರ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗಬಹುದು. ಇದಕ್ಕೆ ಮಗುವಿನ ಹೆಸರನ್ನು ನೀವು ಸೇವೆಯಲ್ಲಿರುವಾಗಲೇ ದಾಖಲೆಗೆ ಸೇರಿಸುವುದು ಒಳ್ಳೆಯದು. ನಿವೃತ್ತರಾಗಿದ್ದರೂ ತಡವಾಗಿಲ್ಲ: ಪಿಂಚಣಿ ಆದೇಶದ ಪ್ರತಿ ತೆಗೆದು ಕುಟುಂಬದ ವಿವರದಲ್ಲಿ ಆ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಸರ್ಟಿಫಿಕೇಟ್‌ನ ಜೆರಾಕ್ಸ್ ಇಟ್ಟು ನೀವು ಕೊನೆಯದಾಗಿ ಕೆಲಸ ಮಾಡಿದ ಕಚೇರಿಗೆ ಅರ್ಜಿ ಕೊಡಿ.