ಮನಿ ಪ್ಲಾಂಟ್ ಉದ್ದ ಬಂದಿದೆ, ಬುಡ ಮಾತ್ರ ಬೋಳು: ಕುಂಡ ಬದಲಿಸಬೇಕಾ, ಗೊಬ್ಬರ ಹಾಕಬೇಕಾ?

ಪ್ರಶ್ನೆ: ಹಾಲ್‌ನ ಶೋಕೇಸ್ ಮೇಲೆ ಮನಿ ಪ್ಲಾಂಟ್ ಇಟ್ಟು ಎರಡು ವರ್ಷ ಆಯಿತು. ಬಳ್ಳಿ ನೆಲ ಮುಟ್ಟುವಷ್ಟು ಇಳಿದಿದೆ. ಆದರೆ ಬುಡದ ಕಡೆ ಎಲೆಯೇ ಇಲ್ಲ, ತುದಿಯಲ್ಲಿ ಬರುವ ಎಲೆಗಳೂ ಚಿಕ್ಕವು. ತಂದಾಗ ಇದ್ದ ಹಳದಿ ಪಟ್ಟೆ ಹೋಗಿ ಈಗ ಬರೀ ಹಸಿರು. ಕುಂಡ ಚಿಕ್ಕದಾಯಿತಾ, ಇಲ್ಲ ಗೊಬ್ಬರ ಸಾಲದಾ?

ಉತ್ತರ: ಎರಡನ್ನೂ ನೋಡೋಣ. ಅದಕ್ಕೆ ಮೊದಲು ಕುಂಡವನ್ನು ಕಿಟಕಿ ಹತ್ತಿರ ತನ್ನಿ, ಆಮೇಲೆ ಕೈಗೆ ಕತ್ತರಿ ತೆಗೆದುಕೊಳ್ಳಿ. ನೀವು ಹೇಳಿದ ಲಕ್ಷಣಗಳೆಲ್ಲ ಮುಖ್ಯವಾಗಿ ಬೆಳಕು ಸಾಲದೆ ಬರುವಂಥವು. ಎಲೆಯ ಹಳದಿ ಭಾಗದಲ್ಲಿ ಪತ್ರಹರಿತ್ತು ಕಡಿಮೆ, ಹಾಗಾಗಿ ಅಲ್ಲಿ ಆಹಾರ ತಯಾರಾಗುವುದೂ ಕಡಿಮೆ. ಮಂದ ಬೆಳಕಿನಲ್ಲಿ ಗಿಡ ಹೊಸ ಎಲೆಗಳನ್ನು ಜಾಸ್ತಿ ಹಸಿರಾಗಿಯೇ ಬಿಡುತ್ತದೆ. ಎರಡು ಎಲೆಗಳ ನಡುವಿನ ಅಂತರವೂ ಹೆಚ್ಚುತ್ತದೆ.

ಬೆಳಕು ಸಾಕಾ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಮಧ್ಯಾಹ್ನದ ಹೊತ್ತು ಲೈಟ್ ಹಾಕದೆ, ಗಿಡ ಇರುವ ಜಾಗದಲ್ಲಿ ಕೂತು ಪೇಪರ್ ಓದಿ ನೋಡಿ. ಕಣ್ಣು ಕಿರಿದು ಮಾಡಬೇಕಾಯಿತೆಂದರೆ ಗಿಡಕ್ಕೂ ಆ ಬೆಳಕು ಸಾಲದು. 'ಕತ್ತಲೆಯಲ್ಲೂ ಬೆಳೆಯುತ್ತೆ' ಅಂತ ನರ್ಸರಿಯವರು ಹೇಳಿರುತ್ತಾರೆ. ಮಂದ ಬೆಳಕಲ್ಲಿ ಬೇಗ ಸಾಯುವುದಿಲ್ಲ ಅನ್ನುವುದು ನಿಜ, ಚೆನ್ನಾಗಿ ಬೆಳೆಯುತ್ತೆ ಅನ್ನುವುದು ಸುಳ್ಳು. ಪೂರ್ವದ ಕಿಟಕಿಯ ಎಳೆಬಿಸಿಲು ಒಳ್ಳೆಯದು. ಪಶ್ಚಿಮದ ಕಿಟಕಿಯಾದರೆ ತೆಳು ಕರ್ಟನ್ ಇರಲಿ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲು ನೇರ ಬಿದ್ದರೆ ಎಲೆ ಸುಟ್ಟು ಕಂದು ಕಲೆಯಾಗುತ್ತದೆ.

ಎಲೆ ಚಿಕ್ಕದಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಮರ ಹತ್ತುವುದು ಇದರ ಹುಟ್ಟುಗುಣ. ಹತ್ತಿದಷ್ಟೂ ಎಲೆ ದೊಡ್ಡದು, ಇಳಿಬಿಟ್ಟಷ್ಟೂ ಚಿಕ್ಕದು. ತೋಟದಲ್ಲಿ ದೊಡ್ಡ ಮರಕ್ಕೆ ಹಬ್ಬಿದ ಮನಿ ಪ್ಲಾಂಟ್ ನೋಡಿದ್ದೀರಲ್ವಾ? ಒಂದೊಂದು ಎಲೆ ಮೊರದಷ್ಟು ಅಗಲ, ಅಂಚು ಬೇರೆ ಸೀಳಿರುತ್ತದೆ. ನಿಮ್ಮ ಶೋಕೇಸ್ ಮೇಲಿರುವುದೂ ಅದೇ ಗಿಡ. ದೊಡ್ಡ ಎಲೆಯೇ ಬೇಕು ಅಂದರೆ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು ಹತ್ತಿಸಬೇಕು. ಇಳಿಬಿಟ್ಟ ಬಳ್ಳಿಗೆ ಎಷ್ಟು ಗೊಬ್ಬರ ಸುರಿದರೂ ಆ ಗಾತ್ರ ಬರುವುದಿಲ್ಲ.

ಈಗ ಕತ್ತರಿಯ ಕೆಲಸ. ಬಳ್ಳಿಯನ್ನು ಕೈಯಲ್ಲಿ ಹಿಡಿದು ಎಲೆಯ ತೊಟ್ಟು ಕೂಡುವ ಜಾಗ ನೋಡಿ. ಅಲ್ಲಿ ಕಾಂಡ ಸ್ವಲ್ಪ ಉಬ್ಬಿರುತ್ತದೆ, ಸುತ್ತ ಉಂಗುರದಂಥ ಗೆರೆ ಇರುತ್ತದೆ. ಪಕ್ಕದಲ್ಲೇ ಕಂದು ಬಣ್ಣದ ಪುಟ್ಟ ಮೊಳೆಯೂ ಕಾಣಬಹುದು. ಇದೇ ಗಿಣ್ಣು. ಬೇರು, ಹೊಸ ಚಿಗುರು ಎರಡೂ ಹೊರಡುವುದು ಇಲ್ಲಿಂದಲೇ. ಗಿಣ್ಣಿಲ್ಲದ ಬರೀ ಎಲೆಯನ್ನು ನೀರಿಗೆ ಹಾಕಿದರೆ ತಿಂಗಳುಗಟ್ಟಲೆ ಹಸಿರಾಗಿ ಇರಬಹುದು, ಬಳ್ಳಿಯಂತೂ ಆಗುವುದಿಲ್ಲ.

ಬುಡದಿಂದ ನಾಲ್ಕೈದು ಇಂಚು ಬಿಟ್ಟು, ಒಂದು ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಉಳಿದ ಮೋಟು ಬೋಳಾಗಿದ್ದರೂ ಚಿಂತೆ ಬೇಡ, ಗಿಣ್ಣು ಜೀವಂತ ಇದ್ದರೆ ಅಲ್ಲಿಂದಲೇ ಚಿಗುರುತ್ತದೆ. ಧೈರ್ಯ ಸಾಲದಿದ್ದರೆ ಅರ್ಧ ಬಳ್ಳಿಗಳನ್ನು ಈಗ, ಉಳಿದವನ್ನು ಚಿಗುರು ಬಂದ ಮೇಲೆ ಕತ್ತರಿಸಿ. ಕತ್ತರಿಸಿದ ಬಳ್ಳಿಯನ್ನು ಎಸೆಯಬೇಡಿ. ಒಂದೆರಡು ಗಿಣ್ಣು, ಒಂದೆರಡು ಎಲೆ ಇರುವಂತೆ ತುಂಡು ಮಾಡಿ. ಗಿಣ್ಣು ಮುಳುಗುವಂತೆ, ಎಲೆ ಹೊರಗಿರುವಂತೆ ಬಾಟಲಿಯಲ್ಲಿಡಿ. ನೀರನ್ನು ವಾರ ತುಂಬುವುದರೊಳಗೆ ಬದಲಿಸುತ್ತಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಲ್ಲೇ. ಬೇರು ಎರಡು ಇಂಚು ಬಂದ ಮೇಲೆ ಐದಾರು ತುಂಡುಗಳನ್ನು ಹಳೆ ಕುಂಡದ ಬುಡದ ಸುತ್ತಲೇ ನೆಡಿ. ನರ್ಸರಿಯಲ್ಲಿ ಅಷ್ಟು ದಟ್ಟವಾಗಿ ಕಾಣುವ ಕುಂಡಗಳ ಗುಟ್ಟೂ ಇದೇ. ಅಲ್ಲಿರುವುದು ಒಂದು ಗಿಡವಲ್ಲ, ಒಟ್ಟಿಗೆ ನೆಟ್ಟ ಹತ್ತಾರು ತುಂಡುಗಳು. (ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಬೆಳೆಯುತ್ತೆ ಅಂತಾರೆ. ಕದಿಯುವವರು ಚೆನ್ನಾಗಿರುವ ಕುಡಿಯನ್ನೇ ನೋಡಿ ಮುರಿಯುತ್ತಾರಲ್ಲ, ಬೆಳೆಯದೆ ಏನು ಮಾಡೀತು!)

ಕುಂಡದ ವಿಚಾರ. ಎರಡು ವರ್ಷ ಆಗಿದೆ ಅಂದರೆ ಬದಲಿಸುವ ಹೊತ್ತು ಬಂದಿರಬಹುದು, ಆದರೆ ನೋಡಿಯೇ ತೀರ್ಮಾನಿಸಿ. ತಳದ ತೂತಿನಿಂದ ಬೇರು ಇಣುಕುತ್ತಿದೆಯಾ? ಹಾಕಿದ ನೀರು ನಿಲ್ಲದೆ ಸರ‍್ರನೆ ಕೆಳಗೆ ಇಳಿಯುತ್ತಾ? ಹೌದಾದರೆ ಹಿಂದಿನ ದಿನ ನೀರು ಹಾಕಿ, ಮರುದಿನ ಕುಂಡ ಓರೆ ಮಾಡಿ, ಬದಿಗೆ ತಟ್ಟಿ ಗಿಡ ಜಾರಿಸಿ. ಕುಂಡದ ಆಕಾರದಲ್ಲೇ ಸುತ್ತಿಕೊಂಡ ಬೇರಿನ ಗಡ್ಡೆ ಹೊರಬರುತ್ತದೆ. ಕೆಳಗಿನ ಸುತ್ತುಗಳನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಬಿಳಿ ಅಥವಾ ಕೆನೆ ಬಣ್ಣದ ಗಟ್ಟಿ ಬೇರು ಇರಲಿ. ಕಪ್ಪಾಗಿ, ಮುಟ್ಟಿದರೆ ಲೋಳೆಯಾಗಿ ಸಿಪ್ಪೆ ಕಳಚುವ ಬೇರು ಕೊಳೆತದ್ದು, ಅದನ್ನು ಕತ್ತರಿಸಿ ತೆಗೆಯಿರಿ.

ಹೊಸ ಕುಂಡ ಹಳೆಯದಕ್ಕಿಂತ ಎರಡು ಇಂಚು ಅಗಲ ಇದ್ದರೆ ಸಾಕು. 'ಮತ್ತೆ ಮತ್ತೆ ಯಾರು ಬದಲಿಸ್ತಾರೆ' ಅಂತ ಬಕೆಟ್‌ನಂಥ ಕುಂಡಕ್ಕೆ ಹಾಕಬೇಡಿ. ಬೇರು ತಲುಪದ ಮಣ್ಣು ಒಣಗದೆ ತೇವವಾಗೇ ಉಳಿಯುತ್ತದೆ, ಬೇರು ಕೊಳೆಯುತ್ತದೆ. ಮಿಶ್ರಣಕ್ಕೆ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಕೊಕೊಪಿಟ್ ಇಟ್ಟಿಗೆಯಲ್ಲಿ ಕೆಲವೊಮ್ಮೆ ಉಪ್ಪಿನಂಶ ಇರುತ್ತದೆ, ನೆನೆಸಿ ಒಂದೆರಡು ಸಲ ಹಿಂಡಿ ಬಳಸಿ. ತಳಕ್ಕೆ ಜಲ್ಲಿ ಹಾಸುವುದು ಸುಮ್ನೆ ಕೆಲಸ. ತೂತಿನ ಮೇಲೆ ಹೆಂಚಿನ ಚೂರೊಂದು ಇಟ್ಟರೆ ಸಾಕು. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಇಲ್ಲವೇ ಮುಂಗಾರಿನ ಶುರು ಒಳ್ಳೆ ಕಾಲ. ಡಿಸೆಂಬರ್ ಚಳಿಯಲ್ಲಿ ಬೇಡ.

ಗೊಬ್ಬರ ಕೊನೆಗೆ. ಕುಂಡ ಬದಲಿಸಿದ ಮೇಲೆ ಒಂದು ತಿಂಗಳು ಏನೂ ಬೇಡ, ಮಿಶ್ರಣದಲ್ಲೇ ಇದೆ. ಆಮೇಲೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಇಲ್ಲವಾದರೆ ಅಂಗಡಿಯಲ್ಲಿ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ ಗೊಬ್ಬರ) ಪುಡಿಯನ್ನು ಲೀಟರ್ ನೀರಿಗೆ ಅರ್ಧದಿಂದ ಒಂದು ಗ್ರಾಂ ಕರಗಿಸಿ ತಿಂಗಳಿಗೊಮ್ಮೆ, ಅದೂ ಒದ್ದೆ ಮಣ್ಣಿಗೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಆಗ ನಿಲ್ಲಿಸಿ. ಕಡಲೆಕಾಯಿ ಹಿಂಡಿ ಕೊಳೆಸಿದ ನೀರು ಒಳ್ಳೆ ಗೊಬ್ಬರವೇ, ಆದರೆ ಹಾಲ್‌ನಲ್ಲಿ ಹಾಕಿದರೆ ಮನೆಯವರೆಲ್ಲ ಎದ್ದು ಹೋಗುತ್ತಾರೆ. ಹಾಲು, ಸಕ್ಕರೆ ಸೇರಿದ ಚಹಾ ಚರಟ ಕುಂಡಕ್ಕೆ ಹಾಕಬೇಡಿ, ಇರುವೆ ಮತ್ತು ಸಣ್ಣ ನೊಣಗಳು ಬರುತ್ತವೆ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆತುದಿ ಕಂದಾಗುತ್ತಿದ್ದರೆ ಬೋರ್‌ವೆಲ್ ನೀರಿನ ಲವಣವೋ ಗೊಬ್ಬರವೋ ಸೇರಿಕೊಂಡಿದೆ. ಕುಂಡವನ್ನು ಸಿಂಕ್‌ನಲ್ಲಿಟ್ಟು ತಳದಿಂದ ಚೆನ್ನಾಗಿ ಹರಿದುಹೋಗುವಂತೆ ಎರಡು ಮೂರು ಸಲ ನೀರು ಹಾಯಿಸಿ.

ಇಷ್ಟೆಲ್ಲ ಮಾಡಿಯೂ ಗಿಡ ಕೆಡುವುದು ಹೆಚ್ಚಾಗಿ ನೀರಿನಿಂದ. ದಿನದ ಲೆಕ್ಕ ಇಡಬೇಡಿ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದೆರಡು ಇಂಚು ಒಣಗಿದ್ದರೆ ಹಾಕಿ. ಮಂಗಳೂರಿನ ಮಳೆಗಾಲದಲ್ಲಿ ಹತ್ತು ದಿನ ಬೇಡವಾಗಬಹುದು, ಬಳ್ಳಾರಿಯ ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ಬೇಕಾಗಬಹುದು. ಫಿಲೊಡೆಂಡ್ರಾನ್, ಸಿಂಗೋನಿಯಂ ಬಳ್ಳಿಗಳಿಗೂ ಇದೇ ಕ್ರಮ.

ಒಂದು ಎಚ್ಚರಿಕೆ. ಈ ಗಿಡದ ಎಲ್ಲ ಭಾಗದಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇರುವ ಮನೆಯಾದರೆ ಕತ್ತರಿಸಿದ ಚೂರುಗಳನ್ನು ಆಗಲೇ ಗುಡಿಸಿ ತೆಗೆಯಿರಿ, ಬಳ್ಳಿಯನ್ನು ಅವುಗಳ ಬಾಯಿಗೆ ಎಟುಕದ ಎತ್ತರಕ್ಕೇ ಕತ್ತರಿಸಿಡಿ.